ಪಾಕದ ಕರಿಯಯ್ಯ ಮಾತು ನುಂಗಿದ ವಾರ

ನಮ್ಮ ದೊಡ್ಡಪ್ಪ ಕರಿಯಯ್ಯನ ಗಂಟಲಿನ ವಿಚಾರ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಯಾರೂ ನಂಬುವುದಿಲ್ಲ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆ ಪಕ್ಕದ ಆಲೆಮನೆಯಲ್ಲಿ ನಿಂತು ಅವನು ಒಂದು ಸಲ ಕೂಗಿದರೆ, ನಾಲೆಯ ಆಚೆ ದಡದಲ್ಲಿ ಹುಲ್ಲು ಕುಯ್ಯುತ್ತಿದ್ದ ದೊಡ್ಡವ್ವ ಪಟ್ಟಲಮ್ಮ ಕುಡುಗೋಲು ಕೆಳಗಿಡುತ್ತಿದ್ದಳು. "ಪಾಕ ಇಳೀತು, ಇನ್ನರ್ದ ಗಂಟೆಗೆ ಉಣ್ಣಕ್ಕೆ ಬತ್ತಾನೆ" ಎಂದು ಮನೆಗೆ ಹೊರಡುತ್ತಿದ್ದಳು. ಅವಳ ಕೈಗೆ ಗಡಿಯಾರ ಕಟ್ಟುವ ಅಗತ್ಯವೇ ಬರಲಿಲ್ಲ.

ಅಂಥ ಗಂಟಲನ್ನು ಹೋದ ವರ್ಷ ಮೇ ತಿಂಗಳಲ್ಲಿ ಒಂದು ವಾರ ಕಟ್ಟಿಹಾಕಿದರು. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ನಗುವೂ ಬರುತ್ತದೆ, ಅದು ಬೇರೆ ಮಾತು.

ದೊಡ್ಡಪ್ಪನ ಕೆಲಸ ಪಾಕ ನೋಡುವುದು. ಗಾಣದಿಂದ ಬಂದ ಕಬ್ಬಿನ ರಸ ದೊಡ್ಡ ಕೊಪ್ಪರಿಗೆಯಲ್ಲಿ ಎರಡು ಮೂರು ಗಂಟೆ ಕುದಿಯುತ್ತದೆ. ನೊರೆ ಉಕ್ಕಿ, ಇಳಿದು, ಗಟ್ಟಿಯಾಗಿ, ಕೊನೆಗೆ ಒಂದು ಗಳಿಗೆ ಬರುತ್ತದೆ. ಅದಕ್ಕಿಂತ ಮೊದಲು ಇಳಿಸಿದರೆ ಬೆಲ್ಲ ಅಂಟು, ಆಮೇಲೆ ಇಳಿಸಿದರೆ ಕರಕಲು. ಆ ಗಳಿಗೆಯನ್ನು ಹಿಡಿಯುವವನೇ ಪಾಕದವನು. ದೊಡ್ಡಪ್ಪ ಒಂದಿಷ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಎರಡು ಬೆರಳಲ್ಲಿ ಉಂಡೆ ಮಾಡಿ, ತಟ್ಟೆಗೆ ಎಸೆದು, ಸದ್ದು ಕೇಳಿ ಹೇಳುತ್ತಿದ್ದ. ಹದಿನಾಲ್ಕನೇ ವಯಸ್ಸಿನಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ನೂಕುವ ಕೆಲಸಕ್ಕೆ ಸೇರಿದವನಿಗೆ ಪುಟ್ಟಮಾದಯ್ಯನವರೆಂಬ ಹಳೆಯ ಪಾಕದವರು ಇದನ್ನು ಕಲಿಸಿದ್ದರಂತೆ. ಕಲಿಸಿದ್ದು ಅಂದರೆ, ತಪ್ಪು ಹೇಳಿದಾಗಲೆಲ್ಲ ಬೆನ್ನಿಗೊಂದು ಗುದ್ದು. ಐವತ್ತು ವರ್ಷ ಬೆಲ್ಲದ ಹೊಗೆಯಲ್ಲಿ ನಿಂತ ಮನುಷ್ಯ ಕಾಫಿಗೆ ಸಿಹಿ ಹಾಕಿಸಿಕೊಳ್ಳುತ್ತಿರಲಿಲ್ಲ. ಕೇಳಿದರೆ, "ಮೂಗ್ನಲ್ಲೇ ತಿಂದಿವ್ನಿ ಬುಡವ್ವ, ಎಲ್ಡು ಜನ್ಮಕ್ಕಾಗೋವಷ್ಟು" ಎನ್ನುತ್ತಿದ್ದ.

ಇನ್ನು ಆ ಕೂಗು. ಗಳಿಗೆ ಬಂದ ತಕ್ಷಣ ನಾಲ್ಕು ಜನ ಓಡಿಬಂದು, ಕೊಪ್ಪರಿಗೆಯ ಕಿವಿಗಳಿಗೆ ಕೋಲು ತೂರಿಸಿ, ಒಟ್ಟಿಗೆ ಎತ್ತಿ, ಪಕ್ಕದ ತೊಟ್ಟಿಗೆ ಬಗ್ಗಿಸಬೇಕು. ಗಾಣದ ಮೋಟರಿನ ಸದ್ದಿಗೆ ಪಕ್ಕದಲ್ಲಿ ನಿಂತವನ ಮಾತೂ ಕೇಳಿಸುವುದಿಲ್ಲ, ಆವಿಯಲ್ಲಿ ಮುಖ ಕಾಣುವುದಿಲ್ಲ. ಹಾಗಾಗಿ ಎಲ್ಲರ ಕಿವಿಯೂ ಒಂದೇ ಒಂದು ಮಾತಿಗೆ ಪಳಗಿತ್ತು. "ಪಾಕ ಬಂತೂ! ಓಡ್ರಲೇ, ಇಡೀರಲೇ!"

ಆ ಮೇ ತಿಂಗಳು ಹೇಗಿತ್ತೆಂದು ನಿಮಗೂ ಗೊತ್ತು. ಕಾಶ್ಮೀರದಲ್ಲಿ ಪ್ರವಾಸಕ್ಕೆ ಹೋದವರನ್ನು ಕೊಂದ ಸುದ್ದಿಗೆ ನಮ್ಮೂರಲ್ಲೂ ಅನ್ನ ಗಂಟಲಲ್ಲಿ ಇಳಿದಿರಲಿಲ್ಲ. ಆಮೇಲೆ ಪಾಕಿಸ್ತಾನದ ಗಡಿಯಲ್ಲಿ ಎರಡೂ ಕಡೆಯ ಗುಂಡು, ಡ್ರೋನು, ಸೈರನ್ನು. ಆಲೆಮನೆಯ ಯಜಮಾನ ಮಹದೇವ ಗಲ್ಲಾದ ಮೇಲೆ ಟೀವಿ ಇಟ್ಟಿದ್ದ. ಅದರಲ್ಲಿ ಕೂಗಾಡುವವರನ್ನು ನೋಡಿ ದೊಡ್ಡಪ್ಪ, "ಇವ್ರು ಬಡ್ಕೊಳದ್ ಕೇಳುದ್ರೆ ಯಾರ್ದೋ ಕೊಪ್ಪರ್ಗೆ ಸೀದೋಗ್ತಾ ಅದೆ ಅನ್ಸುತ್ತೆ ಕಣ್ಲಾ" ಎಂದಿದ್ದ. ಗಾಣದ ಬಾಯಿಗೆ ಕಬ್ಬು ಕೊಡುವ ಆಳು ಯತೀಶ್ ನಕ್ಕೂ ನಕ್ಕೂ ಕೆಮ್ಮಿದ್ದನಂತೆ.

ಎಡವಟ್ಟಾದದ್ದು ಒಂದು ಗುರುವಾರ ಮಧ್ಯಾಹ್ನ. ಆಲೆಮನೆಯ ಎದುರು ಬಸ್ ಸ್ಟಾಪು. ಯಾವುದೋ ದೂರದೂರಿನ ಬೀಗರ ಮನೆಗೆ ಹೊರಟ ಒಂದು ಗುಂಪು ಅಲ್ಲಿ ನಿಂತು, ಎಲ್ಲರೂ ಮೊಬೈಲಿನಲ್ಲಿ ಯುದ್ಧ ನೋಡುತ್ತಿದ್ದರು. ಮೊಬೈಲಿನೊಳಗೆ ಸೈರನ್ ಊಳಿಡುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ಇತ್ತ ದೊಡ್ಡಪ್ಪನ ಕೂಗು! "ಪಾಕ ಬಂತೂ! ಓಡ್ರಲೇ!"

ಓಡಿದರು ನೋಡಿ! ಓಡು ಅಂದಮೇಲೆ ಓಡದೆ ಇನ್ನೇನು ಮಾಡುತ್ತಾರೆ? ರೇಷ್ಮೆ ಸೀರೆಯವರು ಕಬ್ಬಿನ ಗದ್ದೆಗೆ, ಪಂಚೆಯವರು ಮೋರಿಯ ಕೆಳಕ್ಕೆ. ಯಜಮಾನರೊಬ್ಬರು ಬಾಳೆಗೊನೆ ತಲೆಗೆ ಅಡ್ಡ ಹಿಡಿದು ಮಲಗಿಬಿಟ್ಟರಂತೆ, ಬಾಂಬಿಗೆ. ಆಲೆಮನೆಯವರು ಹೊರಗೆ ಬಂದು ನೋಡಿ, ವಿಷಯ ತಿಳಿದು, ಬಿದ್ದು ಬಿದ್ದು ನಕ್ಕರು. ಆ ಬೀಗರೂ ನಕ್ಕು, ಬಿಸಿ ಬೆಲ್ಲ ತಿಂದು, ಬಸ್ಸು ಹತ್ತಿದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಯಾರೋ ಪುಣ್ಯಾತ್ಮ ವಿಡಿಯೋ ಮಾಡಿದ್ದ. ಸಂಜೆಯೊಳಗೆ ಅದು ಮಂಡ್ಯದವರೆಗೂ ಬಂತು. ಅಲ್ಲಿ ನಾನಿರುವ ಗುತ್ತಲಿನ ಬೀದಿಯಲ್ಲೇ ನಾಲ್ಕು ಜನ ನನಗೆ ತೋರಿಸಿದರು. ಮರುದಿನ ದೊಡ್ಡಪ್ಪನ ಊರಿನವನೇ ಆದ ಚಲುವರಾಜು ಹತ್ತು ಹುಡುಗರನ್ನು ಕಟ್ಟಿಕೊಂಡು ಆಲೆಮನೆಗೆ ಬಂದ. ಇಪ್ಪತ್ತೇಳರ ಆಳು, ಒಳ್ಳೆಯ ಬೇಸಾಯಗಾರ, ಬಾಯಿ ಮಾತ್ರ ಜೋರು.

"ನೋಡು ಮಾದೇವಣ್ಣ, ಗಡೀಲಿ ನಮ್ಮೋರು ಪ್ರಾಣ ಕೊಡ್ತಾವ್ರೆ. ಇಲ್ಲಿ ದಿನಕ್ಕೆ ನಾಕ್ ಸತಿ ಪಾಕು ಪಾಕು ಅಂತ ಕೂಗುಸ್ತೀರಲ್ಲ, ಮಾನ ಇಲ್ವಾ? ಎಲ್ಲೋ ಮಿಠಾಯಿ ಅಂಗ್ಡಿಯೋರು ಮೈಸೂರ್ ಪಾಕ್ನ ಎಸ್ರೇ ಬದ್ಲಾಯ್ಸವ್ರೆ, ಮೈಸೂರ್ ಶ್ರೀ ಅಂತ. ನೀವೂ ಬದ್ಲಾಯ್ಸಿ."

ದೊಡ್ಡಪ್ಪ ನಗುತ್ತಲೇ, "ಲೇ ಚಲುವಾ, ಇದು ನಿಮ್ಮಜ್ಜನ ಕಾಲದ ಪಾಕ ಕಣ್ಲಾ. ಆ ದೇಸ ಉಟ್ಟೋದ್ಕೂ ಮೊದ್ಲೇ ನಾವು ಪಾಕ ಇಳುಸ್ತಿದ್ದೋ" ಎಂದ.

ಅದಕ್ಕೆ ಚಲುವರಾಜು ಎಲ್ಲರೆದುರು, "ಅಷ್ಟು ಆಸೆ ಇದ್ರೆ ಪಾಕಿಸ್ತಾನಕ್ಕೇ ಓಗು" ಎಂದುಬಿಟ್ಟ.

ದೊಡ್ಡಪ್ಪ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟ. ಮಹದೇವ ವಿಡಿಯೋಗೆ ಹೆದರಿದ್ದ. ಕೈ ಹಿಡಿದುಕೊಂಡು ಕೇಳಿದನಂತೆ, "ಕರಿಯಯ್ಯ, ಆ ಮಾತ ಬುಟ್ಬುಡು, ನಂಗೆ ಮಾತು ಕೊಡು." ದೊಡ್ಡಪ್ಪ ಕೊಟ್ಟ. ಮನೆಗೆ ಬಂದು ಉಣ್ಣದೆ ಮಲಗಿದ. ದೊಡ್ಡವ್ವ ಫೋನು ಮಾಡಿ, "ನಿಮ್ ದೊಡ್ಡಪ್ಪನ್ನ ಓಗು ಅಂದವ್ರೆ ಕಣೆ, ಅರುಂದತಿ. ಉಟ್ಟಿದ್ ಮಣ್ಣಿಂದ ಓಗು ಅಂದ್ರೆ ಎಲ್ಗೋದಾನು?" ಎಂದು ಅತ್ತಳು. ನನಗೆ ಆ ಹುಡುಗನ ಕೆನ್ನೆಗೆ ಬಾರಿಸಬೇಕೆನಿಸಿತ್ತು. ನಿಜವಾಗಿ ಅನಿಸಿತ್ತು.

ಕಾಲವೂ ಎಂಥದ್ದು ಅಂದರೆ, ಮುಂದಿನ ಬುಧವಾರವೇ ಪರೀಕ್ಷೆ! ನಾನು ಮಂಡ್ಯದ ಹತ್ತಿರದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಸಹಾಯಕಿ. ಫಾರಂನ ಹೊಸ ಕಬ್ಬಿನ ತಳಿಯೊಂದನ್ನು ಚಲುವರಾಜು ತನ್ನ ಗದ್ದೆಯಲ್ಲಿ ಬೆಳೆದಿದ್ದ. ಹೌದು, ಅದೇ ಚಲುವರಾಜು. ಅದರ ಬೆಲ್ಲ ಹೇಗೆ ಬರುತ್ತದೆ ನೋಡಲು ವಿಜ್ಞಾನಿ ಬಿಂದುಶ್ರೀ ಮೇಡಂ ಬರುವವರಿದ್ದರು. ಬೆಲ್ಲ ಚೆನ್ನಾಗಿ ಬಂದರೆ ದೊಡ್ಡಪ್ಪನನ್ನು ಫಾರಂಗೆ ಕರೆಸಿ, ನಲವತ್ತು ಜನಕ್ಕೆ ಪಾಕ ಕಲಿಸುವ ಕೆಲಸ ಕೊಡುವುದೆಂದು ಅವರು ಹೇಳಿದ್ದರು. ಐವತ್ತು ವರ್ಷ ಒಲೆಯ ಮುಂದೆ ನಿಂತವನು ಮೇಷ್ಟ್ರಾಗಿ ಕೂರುವ ಅವಕಾಶ. ಬೆಲ್ಲ ಕೆಟ್ಟರೆ ಅದೂ ಹೋಯಿತು, ಚಲುವರಾಜುವಿನ ಬಿತ್ತನೆ ಕಬ್ಬನ್ನು ಕೊಳ್ಳುವವರೂ ಇಲ್ಲ.

ಕೂಗಲು ಬೇರೆ ಮಾತು ಬೇಕಲ್ಲ! ಮೊದಲ ದಿನ "ಹದ ಬಂತು" ಎಂದು ಗೊತ್ತು ಮಾಡಿಕೊಂಡರು. ನಮ್ಮ ಜನದ ಬಾಯಲ್ಲಿ 'ಹ' ಎಲ್ಲಿ ನಿಲ್ಲುತ್ತದೆ? ದೊಡ್ಡಪ್ಪ, "ಅದ ಬಂತೂ!" ಎಂದ. ಯತೀಶ್ ಗಾಣದ ಹತ್ತಿರದಿಂದ, "ಯಾವ್ದಣ್ಣಾ?" ಎಂದ. "ಅದ ಕಣ್ಲಾ!" "ಅದೇ ಯಾವ್ದು ಅಂತ!" ಇವರಿಬ್ಬರ ಅದು ಇದು ಮುಗಿಯುವಷ್ಟರಲ್ಲಿ ಅರ್ಧ ಕೊಪ್ಪರಿಗೆ ಕಪ್ಪಾಯಿತು. ಮಹದೇವ ತಲೆ ಚಚ್ಚಿಕೊಂಡು, "ಬುದ್ವಾರಕ್ಕೆ ಆ ಮೈಸೂರ್ ಶ್ರೀಯ ಶ್ರೀನೇ ಅನ್ರಪ್ಪ" ಎಂದು, ಅಲ್ಲಿಯವರೆಗೆ ಒಲೆಯನ್ನೇ ಆರಿಸಿಬಿಟ್ಟ.

ಬುಧವಾರ ಬಂತು. ಅಬ್ಬಾ, ಎಷ್ಟು ಜನ! ಅಷ್ಟರಲ್ಲಿ ಗಡಿಯಲ್ಲಿ ಗುಂಡು ನಿಂತಿತ್ತು, ಜನಕ್ಕೆ ಉಸಿರು ಬಂದಿತ್ತು, ಎಲ್ಲರೂ ಹೊಸ ಬೆಲ್ಲ ನೋಡಲು ನೆರೆದಿದ್ದರು. ಮೇಡಂ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಆವಿಯಲ್ಲಿ ಯಾರಿಗೂ ಅದು ಗೊತ್ತೇ ಆಗಲಿಲ್ಲ. ಮಹದೇವ ಹಾರ ಹಿಡಿದು ಇನ್ನೂ ಗೇಟಿನ ಕಡೆಗೇ ನೋಡುತ್ತಿದ್ದ. ಚಲುವರಾಜು ಹೊಸ ಷರ್ಟು ಹಾಕಿಕೊಂಡು ಕೊಪ್ಪರಿಗೆಯ ಸುತ್ತ ಹೆರಿಗೆ ಕೋಣೆಯ ಹೊರಗಿನ ಗಂಡನ ಹಾಗೆ ಸುತ್ತುತ್ತಿದ್ದ. 

ದೊಡ್ಡಪ್ಪ ಯಾರ ಮುಖವನ್ನೂ ನೋಡಲಿಲ್ಲ. ತಣ್ಣೀರಿಗೆ ಪಾಕ ಬಿಟ್ಟ, ಉಂಡೆ ಮಾಡಿದ, ತಟ್ಟೆಗೆ ಎಸೆದ. ಟಣ್! ಎದೆ ತುಂಬ ಉಸಿರೆಳೆದು ಕೂಗಿದ.

"ಶ್ರೀ ಬಂತೂ!"

ಅಷ್ಟೂ ಜನ ಗೇಟಿನ ಕಡೆಗೆ ತಿರುಗಿದರು! ಫಾರಂನ ಬಿಂದುಶ್ರೀ ಮೇಡಂ ಅಂದರೆ ಆ ಸೀಮೆಯ ರೈತರಿಗೆಲ್ಲ 'ಶ್ರೀ ಮೇಡಂ'. ಕೋಲು ಹಿಡಿದು ನಿಂತಿದ್ದ ನಾಲ್ವರೂ ಕೋಲು ಬಿಸಾಕಿ ಗೇಟಿಗೆ ಓಡಿದರು, ಮಹದೇವ ಹಾರ ಎತ್ತಿಕೊಂಡು ಅವರ ಹಿಂದೆ. ಗುಂಪಿನಲ್ಲೊಬ್ಬ ಮುದುಕ ರೇಗಿ, "ಅಷ್ಟು ದೊಡ್ ಆಪೀಸರ್ನ ಬಂತು ಅಂತಾನಲ್ಲ, ಬಂದ್ರು ಅನ್ನಕ್ಕೆ ಏನ್ ದಾಡಿ ಇವ್ನಿಗೆ!" ಎಂದ. ಮೇಡಂ ನನ್ನನ್ನು ತಿವಿದು, "ನಾನು ಬಂದು ಅರ್ಧ ಗಂಟೆ ಆಯ್ತಲ್ರೀ?" ಎಂದರು.

ಕೊಪ್ಪರಿಗೆಯಲ್ಲಿ ಗುಳ್ಳೆ ದಪ್ಪವಾಗುತ್ತಿತ್ತು. ಅಯ್ಯೋ! ಓಡಿಹೋಗಿ ದೊಡ್ಡಪ್ಪನ ತೋಳು ಹಿಡಿದು ಕಿರುಚಿದೆ, "ಆ ಮಾತೇ ಕೂಗು ದೊಡ್ಡಪ್ಪ!"

"ಮಾತು ಕೊಟ್ಟಿವ್ನಿ ಕಣವ್ವ" ಎಂದ. ಕಣ್ಣಲ್ಲಿ ನೀರಿತ್ತು, ಆವಿಗೋ ಏನೋ. "ಓಗು ಅಂತಾರೆ. ಈ ವಯಸ್ನಲ್ಲಿ ಎಲ್ಗೋಗ್ಲಿ?"

ನಾನೇ ಕೂಗಿದೆ. ಮೋಟರಿನ ಸದ್ದಿನಲ್ಲಿ ನನ್ನ ಕೀರಲು ದನಿ ನನಗೇ ಕೇಳಿಸಲಿಲ್ಲ. ಆಗ ಸೀದ ವಾಸನೆಯ ಮೊದಲ ಎಳೆ ಮೂಗಿಗೆ ಬಡಿಯಿತು. ಚಲುವರಾಜುವಿಗೂ ಬಡಿದಿರಬೇಕು. ಒಂದು ವರ್ಷ ನೀರು ಕಟ್ಟಿ, ಕಳೆ ಕಿತ್ತು ಬೆಳೆದ ಕಬ್ಬು ಅವನ ಕಣ್ಣೆದುರೇ ಕರಕಲಾಗುವುದರಲ್ಲಿತ್ತು. ಅವನ ಮುಖ ಬಿಳಿಚಿತು, ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಘೋಷಣೆ ಕೂಗಿ ಪಳಗಿದ ಗಂಟಲು ನೋಡಿ!

"ಪಾಕ ಬಂತೂ! ಪಾಕ ಬಂತ್ ಕಣ್ರಲೇ! ಓಡ್ರಲೇ, ಇಡೀರಲೇ!"

ಗೇಟಿಗೆ ಹೋಗಿದ್ದ ನಾಲ್ವರೂ ಹಾಗೇ ಹಿಂದಕ್ಕೆ ಹಾರಿಬಂದರು. ಅವರಲ್ಲೊಬ್ಬ ಎಡವಿ ಬಿದ್ದ. ಅವನ ಕೋಲಿಗೆ ಚಲುವರಾಜುವೇ ಕೈ ಹಾಕಿದ. ದೊಡ್ಡಪ್ಪನಿಗೂ ಆಗ ಜೀವ ಬಂತು. "ಎತ್ರಲೇ! ಎಡ್ಗಡೆ, ಎಡ್ಗಡೆ! ಬಗ್ಗುಸ್ರಲೇ!" ಕೊಪ್ಪರಿಗೆ ಬಗ್ಗಿತು. ತೊಟ್ಟಿಯ ತುಂಬ ಬಂಗಾರದ ಬಣ್ಣದ ಪಾಕ ಹರಿದು ಹರಡಿತು. ಒಂದೇ ಒಂದು ಕ್ಷಣ ತಡವಾಗಿದ್ದರೂ ಹೋಗಿತ್ತು. ಜನ ಸಿಳ್ಳೆ ಹೊಡೆದರು, ನಾನು ಮೇಡಂ ಅನ್ನುವುದನ್ನೂ ಮರೆತು ಅವರನ್ನು ತಬ್ಬಿಕೊಂಡುಬಿಟ್ಟೆ.

ಯತೀಶ್ ಮೋಟರು ನಿಲ್ಲಿಸಿದ.  ದೊಡ್ಡಪ್ಪ ಬೆವರು ಒರೆಸಿಕೊಳ್ಳುತ್ತ, ಮುಖ ಗಂಭೀರ ಮಾಡಿಕೊಂಡು ಕೇಳಿದ.

"ಚಲುವಾ, ಏನ್ಲಾ ಬಂದದ್ದು?"

"ಪಾಕ ಕಣಣ್ಣ."

"ಯಾರ್ದಲಾ?"

ಚಲುವರಾಜು ತೊಟ್ಟಿ ನೋಡಿದ, ತನ್ನ ಕಬ್ಬು ನೋಡಿದ. "ನಮ್ದು" ಎಂದ. ಆಮೇಲೆ ಜೋರಾಗಿ, "ಪಾಕ ನಮ್ದೇ!"

"ಗೆದ್ಬುಟ್ಟ ಕಣ್ರಪ್ಪೋ! ಒಂದ್ ಗುಂಡೂ ಆರಿಸ್ದೆ ಪಾಕ ಗೆದ್ಬುಟ್ಟ!" ಎಂದು ಯತೀಶ್ ಕಿರುಚಿದ. ಆ ನಗುವನ್ನು ನೀವು ಕೇಳಬೇಕಿತ್ತು. ಮಹದೇವ ಕೈಯಲ್ಲಿದ್ದ ಹಾರ ಯಾರಿಗೆ ಹಾಕುವುದೆಂದು ತಿಳಿಯದೆ ಚಲುವರಾಜುವಿನ ಕೊರಳಿಗೇ ಹಾಕಿದ. ಮೇಡಂ ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು. ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, "ಸೋಮವಾರ ಫಾರಂಗೆ ಬನ್ನಿ ಕರಿಯಯ್ಯನವ್ರೇ, ಪಾಕ ಅಂತಲೇ ಕಲಿಸಿ" ಎಂದರು.

ನಗು ಇಳಿದ ಮೇಲೆ ಚಲುವರಾಜು ಕೊರಳಿನ ಹಾರ ತೆಗೆದು ದೊಡ್ಡಪ್ಪನ ಮುಂದೆ ಬಂದು ನಿಂತ. ತಲೆ ಎತ್ತಲಿಲ್ಲ. "ಅವತ್ತು ಓಗು ಅಂದ್ಬುಟ್ಟೆ ಕರಿಯಣ್ಣ. ತಪ್ಪಾಯ್ತು."

ದೊಡ್ಡಪ್ಪ ತಮಾಷೆ ಮಾಡುತ್ತಾನೆಂದು ನಾವೆಲ್ಲ ಕಾದೆವು. ಮಾಡಲಿಲ್ಲ. ಸುಟ್ಟು ಸುಟ್ಟು ಕಲ್ಲಾಗಿದ್ದ ಆ ಎರಡು ಬೆರಳಿನಿಂದ ಹುಡುಗನ ಗಲ್ಲ ಹಿಡಿದು ಮೇಲೆತ್ತಿದ.

"ನಂಗಂದಿದ್ ಓಗ್ಲಿ ಬುಡು. ಇನ್ ಯಾವನ್ಗೂ ಅನ್ಬೇಡ ಕಣ್ಲಾ. ಒಂದ್ ವಾರ ನನ್ ಮನೇಲೇ ನಾನು ನೆಂಟನಂಗಿದ್ದೆ."

ಚಲುವರಾಜು ಅಳತೊಡಗಿದ. ದೊಡ್ಡಪ್ಪ ಅವನ ಬೆನ್ನಿಗೊಂದು ಗುದ್ದಿ, ಎರಡನೇ ಕೊಪ್ಪರಿಗೆಗೆ ರಸ ಬಿಡುವಂತೆ ಯತೀಶನಿಗೆ ಕೈಸನ್ನೆ ಮಾಡಿದ.