ಗ್ರಿಮನೇಸಾಳಿಗೆ ಬರಬೇಕಾದ ಮುಯ್ಯಾಳು

ರಾಜಧಾನಿ ಲಿಮಾದ ಮಾರಿಯೆಲಾ ನಮ್ಮ ಬೆಟ್ಟದೂರಿನ ಗ್ರಿಮನೇಸಾಳಿಗೆ ಐದು ಆಳಿನ ಅಗೆತ ಬಾಕಿ ಉಳಿಸಿಕೊಂಡಿದ್ದಾಳೆ. ಬಾಕಿ ಇರುವುದು ದುಡ್ಡಲ್ಲ, ಬೆನ್ನು ಬಗ್ಗಿಸಿ ಆಲೂಗಡ್ಡೆ ಅಗೆಯುವ ಕೆಲಸ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಲಿಮಾದಲ್ಲಿ ಎಲ್ಲರೂ ಲೆಕ್ಕ ಚುಕ್ತಾ ಆಯಿತೆಂದು ತಿಳಿದಿದ್ದಾರೆ.

ಗ್ರಿಮನೇಸಾ ಕೊಡುವ, ತೆಗೆದುಕೊಳ್ಳುವ ವಿಷಯದಲ್ಲಿ ಹಟಮಾರಿ. ಗಣಿಯ ವಿರುದ್ಧ ನಾವೆಲ್ಲ ಕುಸ್ಕೊ ರಸ್ತೆಗೆ ಅಡ್ಡ ಕೂತಿದ್ದಾಗ ಅವಳು ಅಲ್ಲಿಯೂ ಉಣ್ಣೆ ನೂಲುತ್ತಿದ್ದಳು. ಪೊಲೀಸರು ಅವಳ ಕದಿರನ್ನು ಆಯುಧವೆಂದು ಬರೆದುಕೊಂಡು ಒಯ್ದರು. ಆಮೇಲೆ ಅವಳು ಪ್ರತಿ ಸಂತೆಯ ದಿನವೂ ಹೋಗಿ ಠಾಣೆಯ ಬಾಗಿಲಲ್ಲಿ ಕೂತಳು. ಬೇಸತ್ತ ಪೇದೆಯೊಬ್ಬ ಎಲ್ಲಿಂದಲೋ ಒಂದು ಕದಿರು ತಂದುಕೊಟ್ಟ. ಇದು ನನ್ನದಲ್ಲ ಎಂದು ಹಿಂದಕ್ಕೆ ಕೊಟ್ಟು ಮತ್ತೆ ಕೂತಳು. ಕೊನೆಗೆ ಅವಳದೇ ಸಿಕ್ಕಿತು.

ಮಾರಿಯೆಲಾ ಉಡುಪುಗಳ ವಿನ್ಯಾಸ ಮಾಡುವವಳು, ಬಂದಿದ್ದು ಬಟ್ಟೆಯ ವಿಚಾರವಾಗಿ. ಆಲೂಗಡ್ಡೆ ಹಿಟ್ಟಿನಿಂದ ಉಡುಪು ಮಾಡಬೇಕು, ಹೂತರೆ ಅದು ಮಣ್ಣಾಗಬೇಕು, ಮೇಲೆ ಇಂಕಾ ಅರಸರ ಕಾಲದ ಚೌಕಳಿ ಚಿತ್ತಾರ ಇರಬೇಕು ಎಂದಳು. ನಮ್ಮ ಉಣ್ಣೆ ಬಟ್ಟೆಯೂ ಮಣ್ಣಾಗುತ್ತದಲ್ಲ ಎಂದು ಪಕ್ಕದ ಮನೆಯ ಆಸುಂತಾ ಕೇಳಿದಳು. ಒಳ್ಳೆಯ ಮಾತು ಎಂದು ಮಾರಿಯೆಲಾ ತಲೆದೂಗಿದಳು. ಗ್ಲಿಸರಿನ್ ಕೊಳ್ಳಲು, ಫೋಟೊ ತೆಗೆಸಲು ಅವಳಲ್ಲಿ ದುಡ್ಡಿತ್ತು. ಕೂಲಿಗೆ ಮಾತ್ರ ಇನ್ನೂ ಮಂಜೂರಾಗಿರಲಿಲ್ಲ.

"ಹಂಗಾದ್ರೆ ಐನಿ ಮಾಡ್ಕೊಳ್ಳಾಣ. ನಾವು ಐದು ಜನ ನಿನ್ನ ಕೆಲಸಕ್ಕೆ ಬರ್ತೀವಿ. ನಮ್ಮ ಅಗೆತಕ್ಕೆ ನೀನು ಐದು ಜನ ಕರ್ಕೊಂಡು ಬಾ" ಎಂದಳು ಗ್ರಿಮನೇಸಾ.

ಐನಿ ಎಂದರೆ ಮುಯ್ಯಾಳು. ಇವತ್ತು ನಿನ್ನ ಹೊಲದಲ್ಲಿ ನಾನು, ನಾಳೆ ನನ್ನ ಹೊಲದಲ್ಲಿ ನೀನು. ಮಾರಿಯೆಲಾಳ ಕಣ್ಣಲ್ಲಿ ನೀರು ಬಂತು. ಎಂಥ ಸುಂದರವಾದ ಪದ ಎಂದಳು.

ಗ್ರಿಮನೇಸಾ ತನ್ನ ಮಾತಿನ ಮೇಲೆ ಆಸುಂತಾಳನ್ನೂ ಇನ್ನು ಮೂವರನ್ನೂ ಕರೆದಳು. ಕಹಿ ಆಲೂಗಡ್ಡೆ ತುರಿದು, ಹಿಟ್ಟು ತಳಕ್ಕೆ ಇಳಿಸಿ, ವಿನಿಗರ್, ಗ್ಲಿಸರಿನ್ ಹಾಕಿ ಗಂಜಿ ಕಾಯಿಸಿದರು. ಪಾಪಾಸುಕಳ್ಳಿಯ ಹುಳು ಅರೆದು ಕೆಂಪು ಕೂಡಿಸಿದರು. ತಗಡಿನ ಮೇಲೆ ಹಪ್ಪಳದಂತೆ ತೆಳ್ಳಗೆ ಹರಡಿ ಒಣಗಿಸಿ, ಹಾಳೆಯನ್ನು ಎಳೆ ಎಳೆಯಾಗಿ ಸೀಳಿ, ಹೊಸೆದು, ಸೊಂಟಕ್ಕೆ ಕಟ್ಟಿದ ಮಗ್ಗದಲ್ಲಿ ನೇಯ್ದರು.

ತಲೆ ತೂರಿಸಿ ಹೊದೆಯುವ ಮೊದಲ ಪೊಂಚೊ ಹಾಳಾಯಿತು. ಒಲೆಯ ಮೇಲೆ ಗಂಜಿ ಕುದಿಯುವುದನ್ನು ಕಂಡು ಆಸುಂತಾ ಅಭ್ಯಾಸಬಲದಿಂದ ಉಪ್ಪು ಹಾಕಿದ್ದಳು. ಬೇಲಿಗೆ ಹಾಕಿದ್ದ ಪೊಂಚೊದ ಅಂಚನ್ನು ಟಗರು ತಿಂದಿತು.

"ನಮ್ಮ ಕೈಕೆಲಸಕ್ಕೆ ಮರುಳಾದೋನು ಇವನೊಬ್ಬನೇ" ಎಂದಳು ಆಸುಂತಾ. ಎರಡನೆಯ ಸಲ ಉಪ್ಪಿನ ಡಬ್ಬಿಯನ್ನು ಗ್ರಿಮನೇಸಾ ತನ್ನ ಶಾಲಿನ ಗಂಟಿನಲ್ಲಿ ಇಟ್ಟುಕೊಂಡಳು.

ಉಡುಪುಗಳು ಲಿಮಾಕ್ಕೆ ಹೋದವು, ಅಲ್ಲಿಂದ ಮುಂದೆ ವಿಮಾನ ಹತ್ತಿದವು. ಅಗೆತದ ಕಾಲ, ಮೇ ತಿಂಗಳು ಬಂತು. ಆಲೂಗಡ್ಡೆ ಮಣ್ಣಲ್ಲಿ ತಡವಾಗಿ ಉಳಿದರೆ ಹುಳ ಕೊರೆಯುತ್ತದೆ. ವರ್ಷದ ಊಟ ಅದೇ. ಲಿಮಾದಿಂದ ಬಂದಿದ್ದು ಜನರಲ್ಲ, ಒಂದು ಪೆಟ್ಟಿಗೆ. ಒಳಗೆ ಗ್ರಿಮನೇಸಾಳೇ ನೇಯ್ದ ಪೊಂಚೊ, ಕತ್ತಿನ ಹತ್ತಿರ 'ಐನಿ' ಎಂದು ಚೀಟಿ ಹೊಲಿದಿದ್ದರು. ಗ್ರಿಮನೇಸಾ ಫೋನು ಮಾಡಿದಳು.

"ಬಟ್ಟೆ ಬಂತು ಮಗಳೇ. ಜನ ಯಾವಾಗ ಬರ್ತಾರೆ?"

ಮಾರಿಯೆಲಾ ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. ದುಡ್ಡು ಕಳಿಸುತ್ತೇನೆ, ಆಳು ಹಿಡಿಯಿರಿ ಎಂದಳು.

"ಯಾರನ್ನ ಹಿಡೀಲಿ? ಎಲ್ರೂ ಅವರವರ ಹೊಲದಾಗವ್ರೆ."

"ನಾನು ಐನಿ ಅಂದ್ರೆ ಒಂದು ಭಾವನೆ ಅಂದ್ಕೊಂಡಿದ್ದೆ, ತಾಯಿ."

"ಭಾವನೆಗೂ ಗುದ್ದಲಿ ಕೊಟ್ಟು ಕಳಿಸು" ಎಂದು ಗ್ರಿಮನೇಸಾ ಫೋನಿಟ್ಟಳು.

ಆ ನಾಲ್ವರು ಹೆಂಗಸರು ನೇಯ್ಗೆಗೆ ಬಂದಿದ್ದು ಮಾರಿಯೆಲಾಳ ಮುಖ ನೋಡಿ ಅಲ್ಲ. ಅವರ ಮುಯ್ಯಿ ಗ್ರಿಮನೇಸಾಳ ತಲೆಯ ಮೇಲಿತ್ತು. ಅದನ್ನು ತೀರಿಸದಿದ್ದರೆ ಮುಂದೆ ಅವಳ ಮನೆಯ ಸೂರು ಹೊದಿಸಲೂ ಹೆಣ ಹೊರಲೂ ಯಾರೂ ಬರುವುದಿಲ್ಲ. ಆದ್ದರಿಂದ ಮೊದಲು ಅವರ ಹೊಲಗಳಲ್ಲಿ ಅಗೆದಳು, ಒಂದಾದ ಮೇಲೊಂದು. ತನ್ನ ಹೊಲಕ್ಕೆ ಬರುವ ಹೊತ್ತಿಗೆ ಹುಳ ತನ್ನ ಪಾಲು ತೆಗೆದುಕೊಂಡಾಗಿತ್ತು. ಅರ್ಧ ಬೆಳೆ ಹಂದಿಗೆ ಹೋಯಿತು. ಆಸುಂತಾ ಕರೆಯದೆಯೇ ಬಂದು ಜೊತೆಗೆ ಅಗೆದಳು. ಗ್ರಿಮನೇಸಾ ಈಗ ಅವಳಿಗೆ ಮತ್ತೆ ಋಣಿ.

ಆ ಚೀಟಿ ಇರುವ ಉಡುಪು ನಿಮ್ಮ ಬೀರುವಿನಲ್ಲಿರಬಹುದು, ಇಲ್ಲವೇ ನಿಮ್ಮ ಪರಿಚಯದವರ ಮೈಮೇಲಿರಬಹುದು. ಅಂಗಡಿಯಲ್ಲಿ ಕೊಟ್ಟ ಬೆಲೆ ಅಂಗಡಿಗೆ ಸಂದಿದೆ, ಇಲ್ಲಿಗಲ್ಲ. ಚೆಕ್ಕು ಬೇಡ, ಹೊಗಳಿಕೆ ಬೇಡ. ಬರುವ ಮೇ ತಿಂಗಳಲ್ಲಿ ಐದು ಜನ ಬನ್ನಿ. ಯಾರ್‍ಯಾರು ಬರುತ್ತೀರಿ, ಹೆಸರು ಹೇಳಿ.