ಮದುಮಗನ ಎದೆಗೆ ಕುರಿಯ ಔಷಧ

ಮದುವೆ ಗೊತ್ತಾದ ಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಎಪ್ಪತ್ತರ ದಶಕದ ಮಾತು, ನನಗಾಗ ಇಪ್ಪತ್ನಾಲ್ಕು. ಹಿಂದಿನ ವರ್ಷ ಟಿ.ಬಿ. ಬಂದು ಕಡ್ಡಿಯಾಗಿದ್ದವನು, ದುರ್ಗದ ಆಸ್ಪತ್ರೆಯ ಮಾತ್ರೆ ನುಂಗುತ್ತ ನುಂಗುತ್ತ ಮತ್ತೆ ಮೈ ತುಂಬಿಕೊಳ್ಳುತ್ತಿದ್ದೆ. ಅದನ್ನು ಕಣ್ಣಾರೆ ಕಂಡ ಮೇಲೇ ಧರ್ಮಪುರದ ಸೋದರಮಾವ ಮಗಳನ್ನು ಕೊಡಲು ಒಪ್ಪಿದ್ದು.

ಇಪ್ಪತ್ತು ದಿನ ಉಳಿದಿರುವಾಗ ಸ್ನಾನ ಮಾಡುತ್ತ ನೋಡಿಕೊಂಡೆ, ಎಡಗಡೆಯ ಮೊಲೆ ಉಬ್ಬಿತ್ತು. ತೊಟ್ಟಿನ ಹಿಂದೆ ಬಿಲ್ಲೆಯಂಥದ್ದೊಂದು ಗಟ್ಟಿ, ಮುಟ್ಟಿದರೆ ನೋವು. ಅರಿಶಿನದ ದಿನ ಅಂಗಿ ಬಿಚ್ಚಿ ಕಂಬಳಿಯ ಮೇಲೆ ಕೂರಬೇಕು. ಎರಡೂ ಮನೆಯ ಹೆಂಗಸರು ಸುತ್ತ ನಿಂತು ಹಚ್ಚುತ್ತಾರೆ. ಕಾಯಿಲೆ ಇನ್ನೂ ಹೋಗಿಲ್ಲ ಎಂದು ಒಬ್ಬರು ಅಂದರೂ ಸಾಕು, ಮದುವೆ ಮುರಿದಂತೆಯೇ.

ಹೇಳಿಕೊಂಡಿದ್ದು ದೊಡ್ಡಪ್ಪನಿಗೆ ಮಾತ್ರ. ನಮ್ಮ ಹಟ್ಟಿಯ ಕುರಿಗಳಿಗೆಲ್ಲ ಅವನೇ ವೈದ್ಯ. ಬಿಸಿಲಲ್ಲಿ ನಿಲ್ಲಿಸಿ ಒತ್ತಿ ನೋಡಿದ.

"ಲೇ, ಇದು ಕೆಚ್ಚಲು ಬಾವು ಕಣಲೇ."

"ನಾನೇನು ಕುರಿನಾ ದೊಡ್ಡಪ್ಪ?"

"ಕುರಿ ಆಗಿದ್ರೆ ಇಷ್ಟು ಮಾತಾಡ್ತಿರ್ಲಿಲ್ಲ. ಸುಮ್ಕೆ ನಿಂತ್ಕ."

ಹುತ್ತದ ಮಣ್ಣಿಗೆ ಅರಿಶಿನ ಕಲಸಿ ಬಳಿದ. ದಿನಕ್ಕೆ ಎರಡು ಹೊತ್ತು ಹಾಲು ಹಿಂಡುವ ಹಾಗೆ ನೀವಿ, ಮೇಲೆ ಕಂಬಳಿಯ ಪಟ್ಟಿ ಬಿಗಿದ. ನಾಲ್ಕನೇ ದಿನಕ್ಕೆ ಎದೆ ಕೆಂಪಗಾಗಿ ಅಂಗಿ ತಾಗಿದರೂ ಜೀವ ಹೋಗುತ್ತಿತ್ತು. ಐದನೇ ದಿನ ಅವನೇ ತಲೆ ಕೆರೆದುಕೊಂಡು, "ದುರ್ಗಕ್ಕೆ ಹೋಗಾಣ ನಡಿ" ಅಂದ.

ಡಾಕ್ಟರು ಎದೆ, ಕಂಕುಳು, ಹೊಟ್ಟೆ, ವೃಷಣ ಎಲ್ಲ ಪರೀಕ್ಷಿಸಿ ಮಾತ್ರೆಯ ಚೀಟಿ ಓದಿದರು. "ಒಣಗಿದ ಮೈ ತುಂಬಿಕೊಳ್ಳುವಾಗ ಕೆಲವು ಗಂಡಸರಿಗೆ ಹೀಗಾಗುತ್ತೆ. ಅಪರೂಪಕ್ಕೆ ಈ ಮಾತ್ರೆಯಿಂದಲೂ ಆಗಬಹುದು. ಹಾಗಂತ ಮಾತ್ರೆ ಬಿಟ್ಟೀಯ, ಟಿ.ಬಿ. ವಾಪಸ್ ಬರುತ್ತೆ. ಕೆಲವು ತಿಂಗಳಲ್ಲಿ ತಾನಾಗಿ ಇಳಿಯುತ್ತೆ, ಇಳಿಯದಿದ್ದರೆ ಆಪರೇಷನ್ ಇದೆ. ಆದರೆ ಈ ಕೆಂಪು ಯಾಕೆ?"

ದೊಡ್ಡಪ್ಪ ಗೋಡೆ ನೋಡಿದ. "ಒಸಿ ನೀವಿದ್ದೆ ಸ್ವಾಮಿ."

"ಇನ್ಮೇಲೆ ಯಾರೂ ಕೈ ಹಚ್ಚಬೇಡಿ. ಉಜ್ಜಿದಷ್ಟೂ ಕೆರಳುತ್ತೆ."

"ಹಾಲು ಬರಾಕಿಲ್ವಲ್ಲ?"

ಡಾಕ್ಟರು ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದರು. "ಹಾಲೋ ರಕ್ತವೋ ಬಂದರೆ ಆ ದಿನವೇ ಕರ್ಕೊಂಡು ಬಾ."

ಬಸ್ಸಿನಲ್ಲಿ ನನಗೆ ಕುಣಿಯಬೇಕೆನಿಸಿತು. ಕಾಯಿಲೆ ಮರುಕಳಿಸಿಲ್ಲ, ಅದಕ್ಕಿಂತ ಇನ್ನೇನು ಬೇಕು? ಡಾಕ್ಟರು ಹೇಳಿದಂತೆ ಅದು ಇಳಿಯಿತು ಕೂಡ, ಆದರೆ ಮದುವೆಯಾಗಿ ಎಷ್ಟೋ ತಿಂಗಳಾದ ಮೇಲೆ. ಅಲ್ಲಿಯವರೆಗೆ ಗುಟ್ಟು ಕಾಯುತ್ತೇನೆಂದು ದೊಡ್ಡಪ್ಪ ಕುರಿಗಳ ಮೇಲೆ ಆಣೆ ಇಟ್ಟ.

ಅರಿಶಿನದ ದಿನ ಅಂಗಿ ಬಿಚ್ಚಿ, ಕೈಕಟ್ಟಿ ಕೂತೆ. ಹುಡುಗಿಯ ತಾಯಿ, ನಮ್ಮತ್ತೆ, ನನ್ನ ಕೈ ಸರಿಸಿ ಬೊಗಸೆ ಅರಿಶಿನ ಎದೆಗೆ ಹಾಕಿ ತಿಕ್ಕತೊಡಗಿದಳು. ಹಲ್ಲು ಕಚ್ಚಿಕೊಂಡೆ. ಚಪ್ಪರದ ಆಚೆಯಿಂದ ದೊಡ್ಡಪ್ಪನ ಧ್ವನಿ ಬಂತು:

"ಏ ತಿಕ್ಕಬ್ಯಾಡ್ರವ್ವ, ಡಾಕ್ಟ್ರು ಹೇಳವ್ರೆ."

ಎಲ್ಲರ ಕೈ ನಿಂತವು. "ಯಾವ ಡಾಕ್ಟ್ರು?" ಅಂದಳು ಅತ್ತೆ.

ಇನ್ನು ಮುಚ್ಚಿಡುವುದೇನು? ಕುರಿ ಔಷಧದ ಸಮೇತ ಎಲ್ಲ ಹೇಳಿಬಿಟ್ಟೆ. ಅತ್ತೆ ಬಗ್ಗಿ ನನ್ನ ಎದೆ ನೋಡಿದಳು.

"ಅಂದ್ರೆ ಮೈ ತುಂಬ್ಕಂತಾ ಐತೆ ಅನ್ನು."

"ಹೂಂ ಅತ್ತೆ."

"ಹೋದ ವರ್ಷ ನಿನ್ನ ಪಕ್ಕೆಲುಬು ನೋಡಿ ಮಗಳನ್ನ ಕೊಡಾದು ಬ್ಯಾಡ ಅಂದಿದ್ದು ನಾನೇ ಕಣಪ್ಪ." ಎರಡೇ ಬೆರಳಲ್ಲಿ ಉಬ್ಬಿನ ಸುತ್ತ ಹೂವಿಗೆ ಹಚ್ಚಿದ ಹಾಗೆ ಅರಿಶಿನ ಹಚ್ಚಿದಳು. ಆಮೇಲೆ ಬಟ್ಟಲನ್ನು ಪಕ್ಕದವಳ ಕೈಗಿತ್ತಳು.

"ಉಳಿದಿದ್ದು ಆ ಕುರಿ ಡಾಕ್ಟ್ರಿಗೆ ಬಳೀರೇ. ಅವ್ರಿಗೆ ಮಾತ್ರ ಚೆನ್ನಾಗಿ ತಿಕ್ರಿ."

ದೊಡ್ಡಪ್ಪ ಪಂಚೆ ಎತ್ತಿಕೊಂಡು ಓಡುತ್ತಿದ್ದ.