ಸೂಜಿಯತ್ತೆಯ ಬಿಸ್ಕತ್ತು ಡಬ್ಬಿ

ಆ ಫುಟ್‌ಬಾಲ್ ಕ್ಲಬ್ಬಿನ ದರ್ಜಿಗೆ ಅಪ್ಪ ಅಮ್ಮ ಇಟ್ಟ ಒಳ್ಳೆಯ ಹೆಸರೊಂದಿತ್ತು, ಆದರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಆಟಗಾರರಿಗೆಲ್ಲ ಆಕೆ ಸೂಜಿಯತ್ತೆ. ಇಪ್ಪತ್ತೆರಡು ವರ್ಷಗಳಿಂದ ಡ್ರೆಸ್ಸಿಂಗ್ ರೂಮಿನ ಪಕ್ಕದ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಜೆರ್ಸಿಗೆ ನಂಬರ್ ಹಚ್ಚಿದವಳು, ಹರಿದ ಚಡ್ಡಿ ಹೊಲಿದವಳು, ಬುದ್ಧಿ ಹೇಳಿದವಳು. ಮೊದಲೆರಡಕ್ಕೆ ಸಂಬಳ ಬರುತ್ತಿತ್ತು, ಮೂರನೆಯದು ಪುಕ್ಕಟೆ.

ಅಲ್ಲಿನ ಲಾಕರುಗಳ ಬೀಗ ಕೆಟ್ಟು ಯಾವ ಕಾಲವಾಗಿತ್ತೋ. ಹಾಗಾಗಿ ಪಂದ್ಯದ ದಿನ ಉಂಗುರ, ವಾಚು, ಕಾರಿನ ಕೀ ಎಲ್ಲವೂ ಅತ್ತೆ ಗುಂಡಿಗಳನ್ನಿಡುವ ಬಿಸ್ಕತ್ತು ಡಬ್ಬಿಗೆ ಬೀಳುತ್ತಿದ್ದವು. ಆಟ ಮುಗಿದ ಮೇಲೆ ಅವರವರದನ್ನು ಅವರವರಿಗೆ ಕೊಡುವುದೂ ಅವಳದೇ ಕೆಲಸ.

ಹೋದ ವರ್ಷ ಒಂದು ಸಂಜೆ ಕೀ ಕೇಳಲು ಬಂದ ಗೋಲ್‌ಕೀಪರನ ಬಾಯಿ ಗಮ್ಮೆನ್ನುತ್ತಿತ್ತು. ಆರಡಿ ನಾಲ್ಕಂಗುಲದ ಆಳು, ಊರಿಗೆಲ್ಲ ಬೇಕಾದವನು. ಚಡ್ಡಿ ಹೊಲಿಯುವ ನಾನೇನು ಹೇಳಲಿ ಎಂದು ಅತ್ತೆ ಸುಮ್ಮನೆ ಕೊಟ್ಟುಬಿಟ್ಟಳು. ಹತ್ತು ನಿಮಿಷದಲ್ಲಿ ಕಾರು ಹಾಲಿನ ಬೂತಿನ ಗೋಡೆಯೊಳಗಿತ್ತು. ಪುಣ್ಯಕ್ಕೆ ಬೂತು ಮುಚ್ಚಿತ್ತು. ಅವನ ಮಣಿಕಟ್ಟು ಮುರಿಯಿತು, ಲೈಸೆನ್ಸು ಒಂದು ವರ್ಷ ಅಮಾನತಾಯಿತು. ಇನ್ನೊಂದು ಸಲ ಕುಡಿದು ಸಿಕ್ಕಿಬಿದ್ದರೆ ಈ ಗೇಟಿನೊಳಗೆ ಕಾಲಿಡಬೇಡ ಎಂದು ಮ್ಯಾನೇಜರು ಎಲ್ಲರೆದುರು ಹೇಳಿದರು.

ಆಮೇಲೆ ತಿಂಗಳುಗಟ್ಟಲೆ ಅತ್ತೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದಳು. ಕೀ ಕೊಟ್ಟದ್ದು ಆ ಕೈ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ತನ್ನನ್ನು ತಾನೇ ಬೈದುಕೊಂಡು, ಕೊನೆಗೆ ಒಂದು ಕಾನೂನು ಮಾಡಿದಳು.

"ಸೂಜಿಗೆ ದಾರ ಪೋಣ್ಸಿ ತೋರ್ಸು, ಕೀ ತಗೊಂಡ್ ಹೋಗು. ಮೂರ್ ಸಲ ತಪ್ಪಿದ್ರೆ ಬಸ್ಸು."

ಮೊದಲ ತಿಂಗಳು ಕಾನೂನು ಚೆನ್ನಾಗಿ ನಡೆಯಿತು. ಗೆದ್ದ ಖುಷಿಯಲ್ಲಿ ಕುಡಿದು ಬಂದ ಕ್ಯಾಪ್ಟನ್ ಹೆಬ್ಬೆರಳಿಗೆ ಸೂಜಿ ಚುಚ್ಚಿಕೊಂಡು, ಅದನ್ನು ಚೀಪುತ್ತ ಬಸ್ ಸ್ಟಾಪಿನತ್ತ ನಡೆದ.

ಆದರೆ ಅತ್ತೆ ಒಂದನ್ನು ಮರೆತಿದ್ದಳು. ಆಟಗಾರರ ಮುಂದೆ ಪರೀಕ್ಷೆ ಇಟ್ಟರೆ ಅವರು ಬುದ್ಧಿ ಕಲಿಯುವುದಿಲ್ಲ, ಪರೀಕ್ಷೆಯನ್ನು ಕಲಿಯುತ್ತಾರೆ. ನಾವು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುವ ಜನ. ಹನ್ನೊಂದು ಜನವೂ ತಂಡದ ಬಸ್ಸಿನಲ್ಲಿ, ಮಸಾಜಿನ ಮಂಚದಲ್ಲಿ, ಸ್ಟಾಪ್‌ವಾಚ್ ಹಿಡಿದು ದಾರ ಪೋಣಿಸುವ ಅಭ್ಯಾಸಕ್ಕಿಳಿದರು. ಒಬ್ಬ ಎಡಗೈಯಲ್ಲೂ ಕಲಿತ. ಸೂಜಿಗಳು ಕಾಣೆಯಾಗುತ್ತಿದ್ದರೆ, ನನಗೇ ಮರೆವು ಬಂತಲ್ಲಪ್ಪ ಎಂದು ಅತ್ತೆ ಕೊರಗುತ್ತಿದ್ದಳು.

ಕಪ್ ಗೆದ್ದ ಮರುದಿನ ಕ್ಲಬ್ಬಿನಲ್ಲೇ ಊಟ. ಮಧ್ಯಾಹ್ನ ಮೂರಕ್ಕೆ ಗೋಲ್‌ಕೀಪರ್ ಬಂದು ಬಾಗಿಲ ಚೌಕಟ್ಟಿಗೆ ಒರಗಿದ. ಮೂರು ದಿನದ ಹಿಂದಷ್ಟೇ ಲೈಸೆನ್ಸು ವಾಪಸ್ ಬಂದಿತ್ತು. ಮೈ ಓಲಾಡುತ್ತಿದ್ದರೂ ಸೂಜಿ ತೆಗೆದುಕೊಂಡು, ಒಂದು ಕಣ್ಣು ಮುಚ್ಚಿ, ಒಂದೇ ಸಲಕ್ಕೆ ದಾರ ತೂರಿಸಿಬಿಟ್ಟ. ಬಾಗಿಲಾಚೆ ನಿಂತವರು ಚಪ್ಪಾಳೆ ತಟ್ಟಿದರು.

"ಕುಡ್ದಿದೀಯ ಕಣೋ," ಎಂದಳು ಅತ್ತೆ.

"ಒಂಚೂರು. ದಾರ ಹೋಯ್ತಲ್ಲತ್ತೆ? ಕಾನೂನು ನಿಮ್ದೇ."

ಕಾಣೆಯಾದ ಸೂಜಿಗಳೆಲ್ಲ ಎಲ್ಲಿ ಹೋಗಿದ್ದವೆಂದು ಅವಳಿಗೆ ಆಗ ಹೊಳೆಯಿತು. ತಾನೇ ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದಳು. ಕೊಟ್ಟ ಮಾತಿಗೆ ತಪ್ಪಿದರೆ ನಾಳೆಯಿಂದ ಯಾರೂ ಡಬ್ಬಿಗೆ ಕೀ ಹಾಕುವುದಿಲ್ಲ. ಕೊಟ್ಟರೆ ಈ ಹುಡುಗನ ಆಟವೋ, ಪ್ರಾಣವೋ ಹೋದೀತು. ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು.

ಡಬ್ಬಿಯಿಂದ ಕೀ ತೆಗೆದು ಅವನ ಅಂಗೈ ಮೇಲಿಟ್ಟಳು. ಮೆಷಿನ್ನಿನ ಪ್ಲಗ್ ಕಿತ್ತಳು. ಊಟದ ಡಬ್ಬಿ, ಕನ್ನಡಕದ ಪೆಟ್ಟಿಗೆ, ಛತ್ರಿ ಚೀಲಕ್ಕೆ ತುಂಬಿಕೊಂಡು ಹೆಗಲಿಗೆ ಹಾಕಿಕೊಂಡಳು.

"ನಡಿ. ನನ್ನೂ ಮನೆಗ್ ಬಿಡು. ಮುಂದಿನ ಸೀಟಲ್ಲಿ ಕೂತ್ಕೋತೀನಿ."

ಅವನ ನಗು ನಿಂತಿತು. "ನೀವ್ಯಾಕತ್ತೆ? ನೀವು ಬಸ್ಸಲ್ಲಿ..."

"ಯಾಕೆ, ದಾರ ಹೋಯ್ತಲ್ಲ? ಹೋದ್ಸಲ ಕೀ ಕೊಟ್ಟು ಮನೇಲಿ ಹೊಟ್ಟೆತುಂಬ ಉಂಡು ಮಲ್ಗಿದ್ದೆ, ನೀನು ಆಸ್ಪತ್ರೇಲಿದ್ದೆ. ಈ ಸಲ ಏನಾದ್ರೂ ಆಗೋದಿದ್ರೆ ಇಬ್ರಿಗೂ ಆಗ್ಲಿ. ನಡಿ."

ಅವಳು ಬೆದರಿಸುತ್ತಿರಲಿಲ್ಲ. ಹೊರಟೇ ನಿಂತಿದ್ದಳು. ಗೋಲ್‌ಕೀಪರ್ ಕೀ ನೋಡಿದ, ತನ್ನ ಎದೆಮಟ್ಟಕ್ಕೂ ಬಾರದ ಅತ್ತೆಯನ್ನು ನೋಡಿದ. ಆಮೇಲೆ ಬಿಸ್ಕತ್ತು ಡಬ್ಬಿ ತೆರೆದು ಕೀಯನ್ನು ತಾನೇ ಒಳಗೆ ಹಾಕಿ ಮುಚ್ಚಳ ಒತ್ತಿದ.

"ಬಸ್ ನಂಬರ್ ಎಷ್ಟತ್ತೆ?"

ಬಸ್ಸಿನಲ್ಲಿ ಅತ್ತೆಗೆ ಸೀಟು ಸಿಕ್ಕಿತು. ಅವನು ಚಾವಣಿಗೆ ತಲೆ ತಾಗಿಸಿಕೊಂಡು ಅವಳ ಚೀಲ ಹಿಡಿದು ನಿಂತ.

ಮಾರನೆಯ ದಿನ ಸೂಜಿಯ ಕಾನೂನು ರದ್ದಾಗಿ ಹೊಸದು ಬಂತು: ಕೀ ಬೇಕಾದವನು ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಮನೆಗೆ ಬಿಡಲು ತಯಾರಿರಬೇಕು. ಅಂದಿನಿಂದ ಕುಡಿದವನೊಬ್ಬನೂ ಆ ಬಾಗಿಲಿಗೆ ಬರಲಿಲ್ಲ. ಮುಂದಿನ ಪಂದ್ಯ ಮುಗಿದಾಗ ಮೊದಲು ಬಂದವನು ಗೋಲ್‌ಕೀಪರ್, ಬರೀ ನೀರು ಕುಡಿದು. ಅವನು ಕಾರನ್ನು ಎಷ್ಟು ಜೋಪಾನವಾಗಿ ಓಡಿಸಿದನೆಂದರೆ ಸೈಕಲ್ಲಿನ ಮೇಲಿದ್ದ ಅಜ್ಜನೊಬ್ಬ ಗಂಟೆ ಬಾರಿಸಿ ಮುಂದೆ ಹೋದ.

"ಬಸ್ಸಾಗಿದ್ರೆ ಇಷ್ಟೊತ್ತಿಗೆ ಉಂಡು ಪಾತ್ರೆ ತೊಳ್ದಿರ್ತಿದ್ದೆ," ಎಂದು ಮುಂದಿನ ಸೀಟಿನಲ್ಲಿ ಅತ್ತೆ ಗೊಣಗಿದಳು.

ಅವನು ಇನ್ನಷ್ಟು ನಿಧಾನ ಮಾಡಿದ.